‘ಗೀತಾ’ದ ಹಾಡುಗಳು: ಮತ್ತೊಮ್ಮೆ ಕೇಳಿದಾಗ

ಸಂಘದ ಸಮಾರಂಭದಲ್ಲಿ ವಾದ್ಯವೃಂದದವರು ವೇದಿಕೆ ಏರಿದರೆಂದರೆ ಯುವಕರ ಸಾಲಿನಿಂದ ಚೀಟಿಯೊಂದು ಬಂದೇ ಬರುತ್ತದೆ: ‘ಸಂತೋಷಕ್ಕೆ’ ಹಾಡಿರೆಂದು. ಆ ಚೀಟಿ ಕಂಡರೆ ಮುಂದಿನ ಸಾಲಿನ ನಮ್ಮಂಥವರ ಮುಖ ಹುಳ್ಳಗಾಗುತ್ತಿತ್ತು. ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು. ಇದರಲ್ಲಿ ಕನ್ನಡವೆಲ್ಲಿ ಎಂಬುದು ನಮ್ಮ ತಕರಾರು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವ ಹೈದರಾಬಾದಿನ ನಮ್ಮ ಮಕ್ಕಳಿಗೆ ದಾಸರ ಪದ, ಭಾವಗೀತೆಗಳನ್ನು ಬಿಟ್ಟು ಈ ಗದ್ದಲವನ್ನು ಕೊಡುವುದೆ? ಮೊನ್ನೆ ಹಳೆಯ ಕ್ಯಾಸೆಟ್ಟು ಕೈಗೆ ಸಿಕ್ಕಿ, ೧೯೮೧ರ ‘ಗೀತಾ’ ಚಿತ್ರದ ಹಾಡುಗಳನ್ನು ಸಾವಧಾನವಾಗಿ ಕೇಳಿದೆವು. ತಕರಾರನ್ನು ಹಿಂತೆಗೆದುಕೊಳ್ಳಬೇಕಾಗಿದೆ, ಪೂರ್ತಿಯಲ್ಲದಿದ್ದರೂ ಬಹುಪಾಲು.

ರಾಕ್ ಸಂಗೀತ ಬರಿಯ ಗದ್ದಲದಿಂದ ಹುಟ್ಟಿದ್ದಲ್ಲ. ಅದರ ತಾಯಿಬೇರು ಬ್ಲೂಸ್. ಅಮೆರಿಕೆಯ ದಕ್ಷಿಣ ಸೀಮೆಯಲ್ಲಿ, ಗುಲಾಮಗಿರಿ ಕಳೆದರೂ ಬವಣೆ ಕಳೆಯದ ಕಪ್ಪು ಜನ ಹೊಲದ ದುಡಿಮೆಯ ನಡುವೆ ಕಟ್ಟಿಕೊಂಡ ಹಾಡದು. ದುಃಖವನ್ನು ಹಾಡಿಯೇ ಹಗುರ ಮಾಡಿಕೊಳ್ಳುವುದು ಅದರ ರೀತಿ. ನಮ್ಮ ಬೀಸುವ ಪದಗಳನ್ನು ಕೇಳಿ ಬೆಳೆದವರಿಗೆ ಇದೇನು ಹೊಸತಲ್ಲ. ‘ಗೀತಾ’ದ ಹಾಡುಗಳು ಅಪ್ಪಟ ಬ್ಲೂಸ್ ಎಂದು ನಾವು ಹೇಳುವುದಿಲ್ಲ. ಬ್ಲೂಸಿನಿಂದ ರಾಕ್, ಡಿಸ್ಕೊ, ಕಡೆಗೆ ಇಳಯರಾಜಾ, ನಂಟು ದೂರದ್ದು. ಆದರೆ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ಆ ಚಿತ್ರದ ಕಥೆ ಬಲ್ಲವರಿಗೆ ಗೊತ್ತು: ಹಾಡುಗಾರ ಸಂಜಯ್ ಪ್ರೀತಿಸಿದ ಗೀತಾಳಿಗೆ ರಕ್ತದ ಕ್ಯಾನ್ಸರು. ಅದನ್ನು ನೆನೆದು ಕೇಳಿದರೆ ಕುಣಿತದ ಹಾಡಿನೊಳಗೂ ಒಂದು ಅಳುಕು ಕೇಳಿಸುತ್ತದೆ.

ಕನ್ನಡದ ಮಾತು ಸ್ವರದಲ್ಲಿ ಮುಗಿಯುವಂಥದು. ಇಂಗ್ಲಿಷಿನಂತೆ ವ್ಯಂಜನಕ್ಕೆ ಬಂದು ತಟ್ಟನೆ ನಿಲ್ಲುವುದು ಕಡಿಮೆ. ಡ್ರಮ್ಮಿನ ಪೆಟ್ಟಿಗೆ ಇದು ಒಗ್ಗದೆಂದು ನಾವೇ ವಾದಿಸುತ್ತಿದ್ದೆವು. ಚಿ. ಉದಯಶಂಕರ್ ಅವರ ‘ಸಂತೋಷಕ್ಕೆ’ ಎಂಬ ಒಂದೇ ಪದಕ್ಕೆ, ಹೈಸ್ಕೂಲಿನ ಛಂದಸ್ಸು ನೆನೆದು, ಪ್ರಸ್ತಾರ ಹಾಕಿ ನೋಡಿ. ಮೊದಲ ಮೂರೂ ಗುರು! ಕೊನೆಯ ಒತ್ತಕ್ಷರವೇ ಒಂದು ಪೆಟ್ಟು. ಬೇರೆ ಡ್ರಮ್ಮೇ ಬೇಡ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಆ ಒತ್ತನ್ನು ನುಂಗದೆ, ಅದರ ಮೇಲೆ ಕಾಲೂರಿಯೇ ಜಿಗಿಯುತ್ತಾರೆ.

ಇನ್ನು ಅವರು ಎಸ್. ಜಾನಕಿಯವರೊಡನೆ ಹಾಡಿದ ‘ಜೊತೆಯಲಿ’. ಇಲ್ಲಿ ನಾಲ್ಕೂ ಲಘು. ಆಡುಮಾತಿನ ‘ಜೊತೆಯಲ್ಲಿ’ ಒತ್ತು ಕಳಚಿಕೊಂಡು ತೇಲುತ್ತದೆ. ಇದು ನಮ್ಮ ಭಾವಗೀತೆಗಳ ಹಳೆಯ ಉಪಾಯವೇ ಅಲ್ಲವೆ? ಮದರಾಸಿನಲ್ಲಿ ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಇಳಯರಾಜಾ ಬಾಸ್ ಗಿಟಾರಿಗೆ ಬರಿಯ ತಾಳದ ಕೂಲಿ ಕೊಟ್ಟಿಲ್ಲ. ಹಾಡಿನ ಕೆಳಗೆ ಅದು ತನ್ನದೇ ರಾಗವೊಂದನ್ನು ಎಳೆಯುತ್ತ ಹೋಗುತ್ತದೆ. ಇದೇ ಧಾಟಿ ೧೯೮೪ರಲ್ಲಿ ತಮಿಳಿಗೂ ೨೦೦೭ರಲ್ಲಿ ‘ಚೀನಿ ಕಮ್’ ಮೂಲಕ ಹಿಂದಿಗೂ ಹೋಯಿತು. ಹಿಂದಿಯ ‘ಜಾನೇ ದೋ ನಾ’ ನಾಲ್ಕೂ ಗುರು. ಚೆನ್ನಾಗಿಯೇ ಇದೆ, ಆದರೆ ನಮ್ಮ ಕಿವಿಗೆ ಆ ತೇಲುವಿಕೆ ಸಿಗಲಿಲ್ಲ. (ಪಕ್ಷಪಾತವೆಂದರೆ ಒಪ್ಪಿಕೊಳ್ಳುತ್ತೇವೆ.)

ಕುಂದುಗಳಿಲ್ಲದಿಲ್ಲ. ನಡುವಿನ ಕೆಲವು ವಾದ್ಯಭಾಗಗಳು ಅಂದಿನ ಡಿಸ್ಕೊ ಹುಚ್ಚಿಗೆ ಸೋತಿವೆ. ‘ಸಂತೋಷಕ್ಕೆ’ಯ ಸಾಹಿತ್ಯದಲ್ಲಿ ಕುಣಿಯಿರೆಂಬ ಕರೆಯಾಚೆ ಹೆಚ್ಚೇನೂ ಇಲ್ಲ. ‘ಕೇಳದೆ ನಿಮಗೀಗ’ ಮಾತ್ರ ರಾತ್ರಿ ದೀಪವಾರಿಸಿ ಕೇಳುವಂಥದು.

ಇಲ್ಲಿಯ ನೆರೆಯವರು ‘ಬಾಲು ನಮ್ಮವರು’ ಎನ್ನುತ್ತಾರೆ, ಸರಿಯೇ. ಜಾನಕಿಯವರೂ ತೆಲುಗು ಮನೆಮಾತಿನವರು, ಇಳಯರಾಜಾ ತಮಿಳರು, ಶಂಕರ್ ನಾಗ್ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದವರು. ಇವರೆಲ್ಲ ಕೂಡಿ ಕನ್ನಡದ ಒತ್ತಕ್ಷರವನ್ನು ಇಷ್ಟು ಜತನದಿಂದ ಕಾದಿರುವಾಗ, ಮನೆಯಲ್ಲಿ ಕನ್ನಡವಾಡುವ ನಾವು ಮಕ್ಕಳ ಚೀಟಿಗೆ ಮುಖ ಸಿಂಡರಿಸಿದ್ದು ಸರಿಯೆನಿಸಲಿಲ್ಲ. ಶಂಕರ್ ನಾಗ್ ೧೯೯೦ರಲ್ಲಿ, ಬಾಲು ೨೦೨೦ರಲ್ಲಿ ತೀರಿಕೊಂಡರು. ಚೀಟಿಗಳಿನ್ನೂ ಬರುತ್ತಿವೆ. ಬರುವ ರಾಜ್ಯೋತ್ಸವಕ್ಕೆ ವಾದ್ಯವೃಂದದವರಲ್ಲಿ ನಮ್ಮದೊಂದೇ ಕೋರಿಕೆ: ಡ್ರಮ್ಮಿನ ಮೈಕನ್ನು ಸ್ವಲ್ಪ ತಗ್ಗಿಸಿ, ಆ ‘ಕ್ಕೆ’ ಹಿಂದಿನ ಸಾಲಿನವರೆಗೂ ಕೇಳಲಿ.