ರೊಟ್ಟಿಯ ಹಿಂದೆ ಪಲ್ಲೆಯೂ ಹೋಯಿತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಊಟ ಕೆಟ್ಟಿತೆಂದು ಹಲುಬುವವರ ಬಳಿ ಎರಡು ಕಾರಣ ಸದಾ ಸಿದ್ಧ: ಮಂದಿ ಪ್ಯಾಟಿ ರುಚಿಗೆ ಬಿದ್ದರು, ಸರ್ಕಾರದ ಅಕ್ಕಿ ಅವರನ್ನು ಕೆಡಿಸಿತು. ಎರಡೂ ಹೊಟ್ಟೆ ತುಂಬಿದವರ ಮಾತು. 2013ರ ಜುಲೈನಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅನ್ನಭಾಗ್ಯ ಯೋಜನೆಯ ಅಕ್ಕಿ ಬಂದಾಗ ಕೂಲಿಯವರ ಮನೆಯಲ್ಲಿ ರಾತ್ರಿ ಒಲೆ ಉರಿಯುವುದು ಖಾತ್ರಿಯಾಯಿತು. ಅದನ್ನು ಹಗುರಾಗಿ ಕಾಣಬಾರದು.

ರೊಟ್ಟಿ ಅದಕ್ಕೂ ಮೊದಲೇ ಹೊಲದಲ್ಲಿ ಸೋತಿತ್ತು. ಮುಂಗಾರಿ ಜೋಳ, ನವಣಿ, ಸಾವಿ ಬಿತ್ತುತ್ತಿದ್ದ ನೆಲಕ್ಕೆ ಗೋವಿನಜೋಳ ಮತ್ತು ಬಿ.ಟಿ. ಹತ್ತಿ ಬಂದವು. ಹಾವೇರಿ ಜಿಲ್ಲೆ ಈಗ ರಾಜ್ಯದಲ್ಲಿ ಗೋವಿನಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲೊಂದು. ಆ ಬೆಳೆಯ ಬಹುಪಾಲು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಜನ ಊರು ಬಿಟ್ಟು ಪಟ್ಟಣ ಸೇರಿದಂತೆ ಒರಟು ಧಾನ್ಯ ಬಿಟ್ಟು ಎಣ್ಣೆ, ಸಕ್ಕರೆಯ ಕಡೆ ವಾಲುತ್ತಾರೆಂದು ಅಮೆರಿಕದ ಪೋಷಣಾ ಸಂಶೋಧಕ ಬ್ಯಾರಿ ಪಾಪ್ಕಿನ್ 1990ರ ದಶಕದಿಂದ ಬರೆಯುತ್ತ ಬಂದಿದ್ದಾರೆ. ಸಂಜೆಯ ಗಿರಮಿಟ್ಟು, ಮಿರ್ಚಿಬಜಿ ಗಾಡಿಗಳ ಮುಂದೆ ನಿಂತರೆ ಅದು ಒಪ್ಪುವಂಥದ್ದೇ. ಆದರೆ ಇಲ್ಲಿ ಊರು ಬಿಡದೆ ಕೂತವರ ತಾಟೂ ಬದಲಾಗಿದೆ.

ಹೇಗೆಂದರೆ, ಜೋಳ ಎಂದೂ ಒಂಟಿ ಬೆಳೆಯಾಗಿರಲಿಲ್ಲ. ನಡುನಡುವೆ ಅಕ್ಕಡಿಯಾಗಿ ತೊಗರಿ, ಹೆಸರು, ಮಡಕಿ, ಅಲಸಂದಿ. ಕಳೆ ತೆಗೆಯಲು ಹೋದ ಹೆಂಗಸರು ಉಡಿಯಲ್ಲಿ ಹಕ್ಕರಕಿ, ಕಿರಕಸಾಲಿ, ರಾಜಗಿರಿ ಸೊಪ್ಪು ತರುತ್ತಿದ್ದರು. ಗೋವಿನಜೋಳ ಬಿತ್ತಿದ ಬೆನ್ನಿಗೇ ಅಟ್ರಾಜಿನ್ ಕಳೆನಾಶಕ ಸಿಂಪಡಿಸಿದರೆ ಅಗಲ ಎಲೆಯ ಸಸಿ ತಲೆಯೆತ್ತುವುದು ಕಷ್ಟ. ಕಳೆಯ ಜೊತೆ ಸೊಪ್ಪು ಹೋಯಿತು, ಅಕ್ಕಡಿಗೆ ಜಾಗವೇ ಉಳಿಯಲಿಲ್ಲ.

ಇದು ಊಟದ ಲೆಕ್ಕವನ್ನೇ ತಪ್ಪಿಸಿತು. ಒಣ ರೊಟ್ಟಿ ಬರಿದೇ ಗಂಟಲಿಳಿಯದು. ಕಾಳುಪಲ್ಲೆ, ಝುಣಕ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಏನಾದರೊಂದು ಕೇಳುತ್ತದೆ. ಅನ್ನಕ್ಕೆ ತಿಳಿಸಾರು ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಕಬ್ಬಿಣ 4 ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ನನ್ನ ತಕರಾರು, ಸಿರಿಧಾನ್ಯದ ಪ್ರಚಾರಕರು ಈ ಅಂಕಿಯನ್ನಷ್ಟೇ ಹಿಡಿದು ಕೂರುತ್ತಾರೆಂಬುದು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಅಬ್ಬರದಲ್ಲಿ ನವಣಿ ಸಕ್ಕರೆ ಕಾಯಿಲೆಯವರ ಪಥ್ಯವಾಗಿ ಪ್ಯಾಕೆಟ್ ಸೇರಿತು; ಪಕ್ಕದ ಮಡಕಿ, ಹಕ್ಕರಕಿಯನ್ನು ಯಾರೂ ಕೇಳಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಿಂದ 2019-21ರ ಹೊತ್ತಿಗೆ ಕರ್ನಾಟಕದ ಮಹಿಳೆಯರಲ್ಲಿ ಅತಿತೂಕ ಶೇ 23.3ರಿಂದ 30.1ಕ್ಕೆ, ರಕ್ತಹೀನತೆ ಶೇ 44.8ರಿಂದ 47.8ಕ್ಕೆ ಏರಿತು. ಮೈ ಬಂದರೂ ರಕ್ತವಿಲ್ಲ. ಧಾನ್ಯವೊಂದನ್ನೇ ಬದಲಿಸಿದರೆ ಇದು ಸರಿಹೋದೀತೆಂದು ನನಗನಿಸುವುದಿಲ್ಲ.

ಇನ್ನು ‘ಹೆಂಗಸರು ರೊಟ್ಟಿ ಬಡಿಯುವುದನ್ನೇ ಬಿಟ್ಟರು’ ಎಂಬ ಆಕ್ಷೇಪ. ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಬೆಳಗಿನಿಂದ ಹೂವಿಗೆ ಹೂ ಮುಟ್ಟಿಸುವವರು, ಬ್ಯಾಡಗಿಯಲ್ಲಿ ಘಾಟಿನ ನಡುವೆ ಮೆಣಸಿನಕಾಯಿಯ ತೊಟ್ಟು ಮುರಿಯುವವರು ಅವರೇ. ಅವರ ಮನೆಗೆ ಪೇಟೆಯ ಕಟಕ ರೊಟ್ಟಿ ಬರುವುದನ್ನು ಅವನತಿ ಎನ್ನಲಾರೆ. ರೊಟ್ಟಿ ಬಡಿದು ಮಾರುವ ಮನೆಗಳು ಮತ್ತು ಖಾನಾವಳಿಗಳೇ ಈ ಭಾಗದ ಊಟವನ್ನು ಸಮ್ಮೇಳನ, ಮೇಳಗಳಿಗಿಂತ ಚೆನ್ನಾಗಿ ಕಾಯ್ದಿವೆ: ಎರಡು ರೊಟ್ಟಿ, ಕಾಳು, ಎಣಗಾಯಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕಡೆಗೆ ಅನ್ನ. ಕೊರತೆಯೆಂದರೆ, ದಿನಗೂಲಿಯವರಿಗೆ ದಿನವೂ ಅಲ್ಲಿ ಉಣ್ಣಲಾಗದು.

ಅವರ ಪಾಲಿಗಿರುವುದು ಪಡಿತರವೇ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಇಂದಿರಾ ಕಿಟ್ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಅಕ್ಕಿಯೊಂದರಿಂದ ಊಟವಾಗದೆಂದು ಸರ್ಕಾರ ಕೊನೆಗೂ ಒಪ್ಪಿದ್ದು ದೊಡ್ಡ ಮಾತು. ಪಟ್ಟಿಯಲ್ಲಿನ ತೊಗರಿಬೇಳೆ ಸರಿ, ಎಣ್ಣೆ, ಉಪ್ಪೂ ಇರಲಿ. ಸಕ್ಕರೆ ಯಾಕೆ? ಅದನ್ನು ಚಹಾದಂಗಡಿಗಳು ಆಗಲೇ ಬೇಕಾದಷ್ಟು ಹಂಚುತ್ತಿವೆ. ಆ ಜಾಗದಲ್ಲಿ ಶೇಂಗಾ ಇಡಬಹುದಿತ್ತು.