ಚೀಲ ಕಾಯುವವರು

ನವೆಂಬರ್ ಬಂತೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಎಲ್ಲಿಗೆ ಹೋಗೋಣ ಎಂದು ಮಕ್ಕಳನ್ನು ಕೇಳುವುದು ಒಂದು ಶಾಸ್ತ್ರ ಅಷ್ಟೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ತಪ್ಪಿದರೆ ಮೈಸೂರು ಎನ್ನುತ್ತಿದ್ದರು. ಬಿಡದಿಯ ಹತ್ತಿರ 2005ರಲ್ಲಿ ವಂಡರ್‌ಲಾ ತೆರೆದ ಮೇಲೆ, ಆ ಹೆಸರು ಬಾಳ್ಳುಪೇಟೆಯವರೆಗೆ ಬಂದು ಮುಟ್ಟಲು ಕೆಲವು ವರ್ಷ ಹಿಡಿಯಿತು. ಮುಟ್ಟಿದ ಮೇಲೆ ಇಡೀ ತರಗತಿಯದು ಒಂದೇ ದನಿ.

ಮೂರು ಸಲ ನಾನೂ ಹೋಗಿ ಬಂದೆ. ಬೆಳಗಿನ ಜಾವ ಮೂರಕ್ಕೆ ಬಸ್ಸು, ಕುಣಿಗಲ್ ದಾಟುವ ಹೊತ್ತಿಗೆ ನಾಲ್ಕು ಮಕ್ಕಳಿಗೆ ವಾಂತಿ, ಗೇಟು ತೆರೆಯುವ ಮೊದಲೇ ಮುಂದೆ ಹಾಜರಿ. ಆಮೇಲೆ ಸಂಜೆಯವರೆಗೆ ನನ್ನ ಕೆಲಸ ಒಂದೇ: ನೆರಳಿನ ಬೆಂಚಿನ ಮೇಲೆ ಕೂತು ಚೀಲ ಕಾಯುವುದು. ಅಲ್ಲಿ ಲಾಕರು ಇವೆ. ಆದರೂ ವಾಚು, ಕನ್ನಡಕ, ಕಿವಿಯೋಲೆ, ಅರ್ಧ ತಿಂದ ಚಕ್ಕುಲಿ ಎಲ್ಲ ಬಂದು ಬೀಳುವುದು ಮಿಸ್ ಮಡಿಲಿಗೇ. ಮೊದಲ ವರ್ಷ ನನ್ನ ಹಣೆಬರಹ ಎಂದುಕೊಂಡೆ. ಎರಡನೇ ವರ್ಷ ತಲೆಯೆತ್ತಿ ಸುತ್ತ ನೋಡಿದೆ. ಬೆಂಚುಗಳ ತುಂಬ ನನ್ನಂಥವರೇ. ಅಮ್ಮಂದಿರು, ಅತ್ತೆಯಂದಿರು, ಟೀಚರುಗಳು, ಎಳೆಗೂಸಿನ ತಾಯಿ. ಎಲ್ಲರ ಮಡಿಲಲ್ಲೂ ಬೇರೆಯವರ ಬಟ್ಟೆ. ಎಲ್ಲರೂ ಪೂರ್ತಿ ಟಿಕೆಟ್ ಕೊಟ್ಟು ಒಳಗೆ ಬಂದವರು.

ಪಕ್ಕದಲ್ಲಿ ಕೂತಿದ್ದ ತಿಪಟೂರು ಕಡೆಯ ಹೆಂಗಸನ್ನು "ನೀವು ನೀರಿಗೆ ಇಳಿಯಲ್ವಾ?" ಎಂದು ಕೇಳಿದೆ. ಆಕೆ ಸೀರೆಯ ನೆರಿಗೆ ತೋರಿಸಿ ನಕ್ಕರು. ಸೀರೆ, ಚೂಡಿದಾರ ಉಟ್ಟು ನೀರಿನ ಆಟಗಳಿಗೆ ಇಳಿಯುವಂತಿಲ್ಲ. ಮೈಗೆ ಹತ್ತಿದ ನೈಲಾನ್ ಬಟ್ಟೆಯೇ ಬೇಕು. ಬಟ್ಟೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಅಪಾಯ, ಆದ್ದರಿಂದ ಆ ನಿಯಮ ಸರಿಯೇ. ನನ್ನ ತಕರಾರು ಉದ್ಯಾನದ ಮೇಲೆ ಅಲ್ಲವೇ ಅಲ್ಲ. ಮನೆಯಿಂದ ಹೊರಡುವಾಗ ಗಂಡನಿಗೆ, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ನೆನಪಿಟ್ಟು ತುಂಬುವವಳು ತನ್ನದನ್ನು ತುಂಬುವುದಿಲ್ಲ, ತುಂಬಿಕೋ ಎಂದು ಯಾರೂ ಹೇಳುವುದೂ ಇಲ್ಲ. ಮಂಡಿನೋವು, ತಿಂಗಳ ದಿನ, ಊರಿನವರು ಯಾರಾದರೂ ನೋಡಿಯಾರು ಎಂಬ ಅಳುಕು, ಇವೆಲ್ಲ ಆಮೇಲಿನ ಕಾರಣಗಳು.

ಇಂಥ ಜಾಗಗಳನ್ನು ಹಳಿಯುವುದು ನಮ್ಮ ಉಪಾಧ್ಯಾಯ ವೃತ್ತಿಯಲ್ಲಿ ಬುದ್ಧಿವಂತಿಕೆಯ ಲಕ್ಷಣ. "ಶಿಲ್ಪಕಲೆ ಬಿಟ್ಟು ಜಾರುಬಂಡೆಗೆ ಬಂದೆವು" ಎಂದು ಭಾಷಣ ಮಾಡಿದವಳು ನಾನೂ ಹೌದು. ಆ ಭಾಷಣ ನಿಂತದ್ದು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ. ಎಸ್ಟೇಟಿನ ಲೈನ್ ಮನೆಯವಳು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ವಾರಕ್ಕೆ ಎರಡು ದಿನ ಗೈರುಹಾಜರಿ. ಅಲೆ ಏಳುವ ಕೊಳದಲ್ಲಿ ಅವಳು ಬಿದ್ದು, ಎದ್ದು, ಮತ್ತೆ ಬಿದ್ದು, ಬಾಯ್ತುಂಬ ಕೂಗಿ ನಕ್ಕದ್ದನ್ನು ಬೆಂಚಿನಿಂದಲೇ ನೋಡಿದೆ. ಹೇಮಾವತಿ ಹರಿಯುವ ಸೀಮೆಯಲ್ಲಿ ಹುಟ್ಟಿದ ಹುಡುಗಿ. ಆದರೆ ನಮ್ಮಲ್ಲಿ ನದಿಗೆ ಧುಮುಕುವವರು ಗಂಡುಹುಡುಗರು. ಹೆಣ್ಣುಮಕ್ಕಳು ದಡದಲ್ಲಿ ಬಟ್ಟೆ ಒಗೆಯುತ್ತಾರೆ. ನೀರಿನೊಳಗೆ ಆಡಬಹುದು ಎಂದು ಅವಳಿಗೆ ಗೊತ್ತಾದದ್ದು ಅಲ್ಲಿ. ಹೊಯ್ಸಳರ ಶಿಲ್ಪದ ಮುಂದೆ ನಿಲ್ಲಿಸಿದ್ದರೆ ಅದು ಗೊತ್ತಾಗುತ್ತಿರಲಿಲ್ಲ.

ಹಾಗಾದರೆ ಬೆಂಚಿನ ಮೇಲಿನವರ ಗತಿ? ಮೂರನೇ ವರ್ಷ ಒಂದು ಉಪಾಯ ಮಾಡಿದೆ. ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ "ಸುತ್ತಮುತ್ತ ಏನೇನು ನೋಡಬಹುದು" ಎಂಬ ಪಟ್ಟಿ ಬರುತ್ತದಲ್ಲ, ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಆ ಪಟ್ಟಿಗಳೆಲ್ಲ ಕಾರಿನವರಿಗಾಗಿ ಬರೆದವು. ಅವುಗಳಲ್ಲಿ ಕಿಲೋಮೀಟರು ಇರುತ್ತದೆ, ಕಕ್ಕಸು ಇರುವುದಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಮೆಟ್ಟಿಲು, ಕೂರಲು ನೆರಳಿದೆಯೇ, ಒಂದೂ ಇಲ್ಲ. ರಾಮನಗರದ ರಾಮದೇವರ ಬೆಟ್ಟ ಅದರಲ್ಲಿ ತಪ್ಪದೆ ಇರುತ್ತದೆ. 1975ರ 'ಶೋಲೆ' ಚಿತ್ರೀಕರಣವಾದ ಬಂಡೆಗಳು, 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಣೆಯಾದ ಜಾಗ. ನನ್ನ ಮಂಡಿಗೆ ಅದು ಕೆಳಗಿನಿಂದ ಕೈ ಮುಗಿಯುವ ಬೆಟ್ಟ. ರೇಷ್ಮೆಗೂಡಿನ ಮಾರುಕಟ್ಟೆ ನೋಡುವ ಆಸೆಯಿತ್ತು, ಹೊತ್ತು ಮೀರಿತ್ತು.

ಮಕ್ಕಳನ್ನು ಇಬ್ಬರು ಕಿರಿಯ ಸಹೋದ್ಯೋಗಿಗಳಿಗೆ ಒಪ್ಪಿಸಿ, ಚೀಲಗಳನ್ನು ಲಾಕರಿಗೆ ತುಂಬಿ, ನಾನು, ಜೊತೆಗೆ ಬಂದಿದ್ದ ಇಬ್ಬರು ತಾಯಂದಿರು, ಬಿಸಿಯೂಟದ ಅಡುಗೆಯಮ್ಮ, ನಾಲ್ವರೂ ಟಿಕೆಟ್ ಕೊಳ್ಳದೆ ಬಿಡದಿಗೆ ಬಂದು ಹಳೇ ಮೈಸೂರು ರಸ್ತೆಯ ಬಸ್ಸು ಹತ್ತಿದೆವು. ಹಳೇ ರಸ್ತೆ ಎಂದು ಒತ್ತಿ ಹೇಳುತ್ತೇನೆ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿಟ್ಟು ಓಡುತ್ತದೆ. ಅದರ ಮೇಲೆ ಹೋಗುವವರಿಗೆ ಈ ಊರುಗಳು ಬರೀ ಫಲಕಗಳು.

ರಾಮನಗರ ದಾಟಿದ ಮೇಲೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕತೆ, ಪಾತ್ರೆ ಪಡಗ ಕೂಡಿಹಾಕಿ 1994ರಲ್ಲಿ ಇದನ್ನು ನಿಲ್ಲಿಸಿದರು. ಬೊಂಬೆ, ವಾದ್ಯ, ವೇಷಗಳ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಂತದ್ದು ಮನೆಬಳಕೆಯ ಸಾಮಾನಿನ ಹತ್ತಿರ. ಬೀಸುವ ಕಲ್ಲು ನೋಡಿ ನಮ್ಮ ಅಡುಗೆಯಮ್ಮ "ಅಯ್ಯೋ, ಇದನ್ನ ನಾವು ಸೌದೆ ಕೊಟ್ಟಿಗೆ ಹಿಂದೆ ಎಸೆದಿದ್ದೀವಲ್ಲ ಟೀಚರ್" ಎಂದಳು. ಅಷ್ಟರಲ್ಲಿ ಬೆಂಗಳೂರಿನ ಒಂದು ಸಂಸಾರ ಬಂತು. ಮಗು ಇದೇನು ಎಂದಿತು, ತಂದೆ ಫಲಕದಲ್ಲಿದ್ದ ಹೆಸರು ಓದಿದ. ನಮ್ಮವಳಿಗೆ ತಡೆಯಲಾಗಲಿಲ್ಲ. ಕಲ್ಲು ಮುಟ್ಟದೆ, ನೆಲದ ಮೇಲೆ ಕೂತು, ಒಂದು ಕಾಲು ಚಾಚಿ, ಗಾಳಿಯಲ್ಲೇ ಬೀಸಿ ತೋರಿಸಿದಳು. ಎದುರುಬದುರು ಇಬ್ಬರು ಕೂರುವುದು, ಗೂಟ ಸಡಿಲವಾದರೆ ಬಟ್ಟೆ ಸುತ್ತಿ ಬಿಗಿಯುವುದು, ಹಿಡಿಗಿಂತ ಹೆಚ್ಚು ರಾಗಿ ಹಾಕಿದರೆ ನುಚ್ಚಾಗುವುದು, ಬಸುರಿಯರಿಗೆ ಯಾವ ತಿಂಗಳಿನಿಂದ ಬಿಡುವು. ಹತ್ತು ನಿಮಿಷ ಆ ತಂದೆ, ತಾಯಿ, ಮಗು ಕದಲಲಿಲ್ಲ. ಹದಿನೈದು ವರ್ಷದಿಂದ ನಮ್ಮ ಶಾಲೆಯಲ್ಲಿ ಆಕೆ ಅನ್ನ ಬಡಿಸುತ್ತಿದ್ದಾಳೆ. ಆಕೆ ಪಾಠ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚನ್ನಪಟ್ಟಣದಲ್ಲಿ ಒಂದು ಗೊಂಬೆ ತಯಾರಿಸುವ ಮನೆಯೊಳಗೆ ಕೇಳಿಕೊಂಡು ಹೋದೆವು. ಆಲೆ ಮರದ ತುಂಡು ಲೇತಿಗೆ ಸಿಕ್ಕಿ ತಿರುಗುತ್ತಿತ್ತು. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿದುಕೊಳ್ಳುತ್ತದೆ. ಬ್ರಷ್ ಇಲ್ಲ, ಒಲೆ ಇಲ್ಲ. ಭೌತಶಾಸ್ತ್ರದ ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಈವರೆಗೆ ಸಿಕ್ಕಿಲ್ಲ. ಕಡ್ಡಿ ಹಿಡಿದಿದ್ದವಳು ನಮ್ಮ ವಯಸ್ಸಿನ ಹೆಂಗಸು. ಹೆದ್ದಾರಿ ಬಂದ ಮೇಲೆ ಅಂಗಡಿಗೆ ಇಳಿಯುವವರು ಕಡಿಮೆಯಾದರು ಎಂದಳು. ತಲಾ ಎರಡು ಬುಗುರಿ ಕೊಂಡು ಹಿಂತಿರುಗಿದೆವು.

ಇತ್ತೀಚೆಗೆ ನಮ್ಮೂರೇ ಪ್ರವಾಸದ ಜಾಗವಾಗಿದೆ. ಶನಿವಾರ ಬಂತೆಂದರೆ ಸಕಲೇಶಪುರದ ಕಡೆಗೆ ಬೆಂಗಳೂರಿನ ಕಾರುಗಳ ಸಾಲು. ತೋಟಗಳ ನಡುವೆ ಎದ್ದ ವಸತಿಗೃಹಗಳ ಫಲಕದಲ್ಲಿ 'ರೈನ್ ಡಾನ್ಸ್' ಎಂದಿರುತ್ತದೆ. ಕೊಳವೆಯಿಂದ ಮಳೆ ಸುರಿಸಿ ಕುಣಿಸುವುದಂತೆ! ಆಷಾಢದಲ್ಲಿ ಒಗೆದ ಬಟ್ಟೆ ಒಣಗದೆ ಒಲೆಯ ಮೇಲೆ ಹರವುವ ಊರು ನಮ್ಮದು. ಬೆನ್ನಿಗೆ ಗೊರಬು ಹಾಕಿಕೊಂಡು ಮಂಡಿಯುದ್ದ ಕೆಸರಿನಲ್ಲಿ ನಾಟಿ ಹಾಕಿದ ಮುದುಕಿಯರು ಇನ್ನೂ ಇದ್ದಾರೆ. ಮೊನ್ನೆ ನೆಂಟರ ಜೊತೆ ಅಂಥದೊಂದು ಕಡೆ ಊಟಕ್ಕೆ ಹೋಗಿದ್ದೆ. ಕೊಳವೆಮಳೆಯಲ್ಲಿ ಗಂಡಸರು, ಮಕ್ಕಳು. ಅಂಚಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಟವೆಲು, ಮೊಬೈಲು ಹಿಡಿದು ಕೂತ ಹೆಂಗಸರು. ಒಬ್ಬಾಕೆ "ಇಲ್ಲಿ ಇನ್ನೇನು ನೋಡೋದಿದೆ?" ಎಂದು ಕೇಳಿದರು. ಮಂಜರಾಬಾದ್ ಕೋಟೆ ಎಂದೆ. ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಹಾಗಿದೆ ಎಂದೆ. ಮೆಟ್ಟಿಲು ಹತ್ತಬೇಕೆಂದೂ, ಕೊಡೆ ಬೇಕೆಂದೂ ಹೇಳಿದೆ. ಕಕ್ಕಸಿನ ವಿಷಯವನ್ನೂ ಮುಚ್ಚಿಡಲಿಲ್ಲ: ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿಕೊಂಡು ಹೊರಡಿ ಎಂದೆ.

ಈ ವರ್ಷದ ಪ್ರವಾಸಕ್ಕೆ ನನ್ನ ಸೂಚನೆ ಕೊಟ್ಟಿದ್ದೇನೆ: ಬೆಳಿಗ್ಗೆ ಜಾನಪದ ಲೋಕ ಎಲ್ಲರಿಗೂ, ಆಮೇಲೆ ನೀರು. ಹೊತ್ತು ಸಾಲದು ಎಂದು ಮುಖ್ಯೋಪಾಧ್ಯಾಯರು ಲೆಕ್ಕ ಹಾಕುತ್ತಿದ್ದಾರೆ. ಅಡುಗೆಯಮ್ಮನಿಗೆ ಹೇಳಿದೆ, ಈ ಸಲವೂ ನೀನು ಬೀಸುವ ಕಲ್ಲಿನ ಹತ್ತಿರ ನಿಂತು ಮಕ್ಕಳಿಗೆ ಹೇಳಬೇಕು ಎಂದು. ಆಗಲಿ ಎಂದಳು. ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದಳು:

"ಟೀಚರ್, ಆ ನೈಲಾನ್ ಬಟ್ಟೆ ನಮ್ಮ ಅಳತೆಗೆ ಹಾಸನದಲ್ಲಿ ಸಿಗುತ್ತಾ?"