ಮೆಚ್ಚಿನ ಹಾಡೂ ರಸವಿಘ್ನವೂ

ಒಂದು ಹಾಡು ಒಬ್ಬರಿಗೆ ಮೆಚ್ಚಾಗುವುದು ಕಾವ್ಯಗುಣದಿಂದಲೋ, ಸ್ವಂತ ಸುಖದುಃಖಗಳ ಸ್ಮರಣೆಯಿಂದಲೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಭಿನವಗುಪ್ತಾಚಾರ್ಯರು ಎಣಿಸಿರುವ 7 ರಸವಿಘ್ನಗಳಲ್ಲಿ ‘ನಿಜಸುಖಾದಿವಿವಶೀಭಾವ’ವೂ ಒಂದು, ತನ್ನ ಸುಖದುಃಖಗಳಿಗೆ ವಶನಾದವನು ರಸವನ್ನು ಸವಿಯಲಾರನು.

ಸೊರಬ ತಾಲ್ಲೂಕಿನ ನಮ್ಮ ಜಡೆಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಅಕ್ಕಮಹಾದೇವಿಯ ಹುಟ್ಟೂರು. ಗಿಳಿ ಕೋಗಿಲೆ ದುಂಬಿ ಹಂಸ ನವಿಲುಗಳಲ್ಲಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಬೇಡುವ ಆಕೆಯ ವಚನವನ್ನು, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಜಡೆಯಲ್ಲಿ ಬಾಳಿನುದ್ದಕ್ಕೂ ಹಾಡಿಕೊಳ್ಳುತ್ತಿದ್ದುದನ್ನು ಬಲ್ಲೆನು. ಅವರಿಗೆ ಆ ಗಿಳಿಗಳು ಮಗನ ಸುದ್ದಿಯನ್ನು ತರಬೇಕಾದ ಗಿಳಿಗಳು. ಇದು ಅಪಾರ್ಥವೆ?

ವಿಕ್ರಮೋರ್ವಶೀಯದ 4ನೆಯ ಅಂಕದಲ್ಲಿ ಪುರೂರವನೂ ನವಿಲು, ಕೋಗಿಲೆ, ಹಂಸಗಳನ್ನು ಹೀಗೆಯೇ ಕೇಳುವನು. ಆದರೆ ಅಲ್ಲಿ ರಂಗಮಂಟಪವಿದೆ, ವಾದ್ಯಗಾನಗಳಿವೆ. ಮೇಲ್ಕಂಡ ವಿಘ್ನಕ್ಕೆ ಆಚಾರ್ಯರು ಹೇಳುವ ಪರಿಹಾರವೂ ಇಂತಹವೇ. ಮನೆಯೊಳಗೆ ಒಬ್ಬಳೇ ಹಾಡಿಕೊಳ್ಳುವ ಹಾಡಿಗೆ ಇವಾವುವೂ ಇಲ್ಲ, ಹಾಡುವವಳೇ ಕೇಳುವವಳು. ಇಲ್ಲಿ ಆ ಕಾರ್ಯವನ್ನು ನೆರವೇರಿಸುವುದು ಅಂಕಿತವೆಂದು ನನ್ನ ಮತ. ಈ ವಚನದಲ್ಲಿ ಅರಸಲ್ಪಡುವವನ ಹೆಸರೇ ಅಂಕಿತ. ಮೊದಲ ಮಾತುಗಳಲ್ಲಿ ತಾಯಿಯು ತನ್ನ ಮಗನನ್ನೇ ಅರಸಬಹುದು. ಅಂಕಿತದ ಎಡೆಯಲ್ಲಿ ಅವನ ಹೆಸರನ್ನಿಡುವಂತಿಲ್ಲ. ಚೆನ್ನಮಲ್ಲಿಕಾರ್ಜುನನೆಂದೊಡನೆ ಶೋಕವು ತನ್ನೊಬ್ಬಳದಾಗಿ ಉಳಿಯದೆ ಅಕ್ಕನ ವಿರಹದೊಡನೆ ಬೆರೆಯುವುದು. ಆಲಂಕಾರಿಕರು ಸಾಧಾರಣೀಕರಣವೆನ್ನುವುದು ಇದನ್ನೇ.

ಆದುದರಿಂದ ಆ ತಾಯಿಯ ಅರ್ಥವನ್ನು ಅಪಾರ್ಥವೆನ್ನಲಾಗದು. ರಸಕ್ಕೆ ಅದೇ ಆಕೆಯ ದಾರಿಯಾಯಿತು. ವಚನಗಳನ್ನು ಪಾಠಹೇಳುವ ಅಧ್ಯಾಪಕರು ಅಂಕಿತವನ್ನು ಕರ್ತೃನಿರ್ಣಯದ ಗುರುತೆಂದು ಮಾತ್ರ ತಿಳಿಸಿ ಮುಂದೆ ಸಾಗದೆ, ಅದರ ಈ ರಸಕಾರ್ಯವನ್ನೂ ವಿದ್ಯಾರ್ಥಿಗಳಿಗೆ ಕಾಣಿಸಿಕೊಡುವುದು ಉಚಿತ.